ಆಯ್ದಕ್ಕಿ ಲಕ್ಕಮ್ಮನವರ ಎಚ್ಚರಿಕೆ ಮತ್ತು ಚಾಲನೆಗೊಳ್ಳದ ಗಣಕಯಂತ್ರ





ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ಲಿಂಗಾಯತ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಅತಿಯಾದ ಬಯಕೆ ಆಳುವವರಿಗೆ ಸಲ್ಲೀತು, ಭಕ್ತರ ಮನೆಗೆ ಸಲ್ಲದು ಎಂಬುದು ಆ ತಾಯಿಯ ವಚನದ ತಾತ್ಪರ್ಯ. ಅವರ 25 ವಚನಗಳು ಇಂದು ನಮಗೆ ದೊರೆತಿವೆ. ಅವುಗಳಲ್ಲಿ ಹೆಚ್ಚಾಗಿ ಉಲ್ಲೇಖಗೊಳ್ಳುವ ವಚನಗಳಲ್ಲಿ ಇದೂ ಒಂದು.

ಈ ವಚನವನ್ನು ಸಾಮಾನ್ಯವಾಗಿ ಅಪರಿಗ್ರಹದ ಬೋಧೆಯೆಂದು ವ್ಯಾಖ್ಯಾನಿಸುವುದುಂಟು. ಅದು ಸರಿಯೇ. ಆದರೆ ವ್ಯಾಖ್ಯಾನಕಾರರು ಹೆಚ್ಚಾಗಿ ಗಮನಿಸದೆ ಹೋಗುವ ಸೂಕ್ಷ್ಮವೊಂದು ಈ ಪ್ರಸಂಗದಲ್ಲಿದೆ. ಹೆಚ್ಚಾದ ಅಕ್ಕಿಯನ್ನು ನಾಳೆಯ ದಾಸೋಹಕ್ಕೆ ಇಡೋಣವೆಂದು ಲಕ್ಕಮ್ಮನವರು ಹೇಳಲಿಲ್ಲ. ನೆರೆಮನೆಯ ಬಡವರಿಗೆ ಹಂಚಿ ಬನ್ನಿರೆಂದೂ ಹೇಳಲಿಲ್ಲ. ಎಲ್ಲಿಂದ ತಂದಿರೋ ಆ ಸ್ಥಳಕ್ಕೇ ಒಯ್ದು ಸುರಿದು ಬರುವಂತೆ ಹೇಳಿದರು. ತಪ್ಪನ್ನು ಪುಣ್ಯಕಾರ್ಯವಾಗಿ ಮಾರ್ಪಡಿಸಿಕೊಳ್ಳುವ ಸುಲಭದ ಹಾದಿಯನ್ನು ಅವರು ಗಂಡನಿಗೆ ಬಿಟ್ಟುಕೊಡಲಿಲ್ಲ. ಈ ಸೂಕ್ಷ್ಮವು ಎಷ್ಟು ಕಠಿಣವಾದದ್ದು ಎಂಬುದು ಶ್ರೀಮಠದ ಪ್ರಸಾದ ನಿಲಯದಲ್ಲಿ ಓದಿ ಬೆಳೆದ ತರುಣನೊಬ್ಬನಿಗೆ 2023ರ ಬೇಸಿಗೆಯಲ್ಲಿ, ಒಂದು ಗಣಕಯಂತ್ರದ ನೆಪದಲ್ಲಿ, ಅನುಭವಕ್ಕೆ ಬಂದಿತು.

ಆ ತರುಣನು ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಪ್ರಸಾದ ನಿಲಯದ ಗ್ರಂಥಾಲಯದಲ್ಲಿ ಡಾ. ಫ. ಗು. ಹಳಕಟ್ಟಿಯವರು 1926ರಲ್ಲಿ ಆರಂಭಿಸಿದ ‘ಶಿವಾನುಭವ’ ಪತ್ರಿಕೆಯ ಕೆಲವು ಹಳೆಯ ಸಂಚಿಕೆಗಳಿವೆ. ಅವುಗಳ ಹಾಳೆಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿವೆ. ಅವನ್ನು ಸ್ಕ್ಯಾನ್ ಮಾಡಿ ಉಳಿಸಬೇಕೆಂದು ಹಳೆಯ ವಿದ್ಯಾರ್ಥಿಗಳು 48,000 ರೂಪಾಯಿ ಕೂಡಿಸಿದರು. ವಚನಗಳನ್ನು ಅಚ್ಚು ಹಾಕಿಸುವುದಕ್ಕಾಗಿ ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯ ಕಟ್ಟಿದ ಮಹಾನುಭಾವರ ಪತ್ರಿಕೆಯನ್ನು ಗೆದ್ದಲಿನ ಬಾಯಿಗೆ ಬಿಡುವುದು ಯಾರಿಗೂ ಸಮ್ಮತವಿರಲಿಲ್ಲ. ಸಿದ್ಧಯಂತ್ರವನ್ನು ಕೊಳ್ಳುವುದಕ್ಕಿಂತ ಬಿಡಿಭಾಗಗಳನ್ನು ತಂದು ಜೋಡಿಸಿದರೆ ಉಳಿದ ಹಣದಲ್ಲಿ ಒಳ್ಳೆಯ ಸ್ಕ್ಯಾನರ್ ಬಂದೀತೆಂದು ತರುಣನು ಸೂಚಿಸಿ, ಜೋಡಿಸುವ ಸೇವೆಯನ್ನು ತಾನೇ ವಹಿಸಿಕೊಂಡನು. ಬಸವ ಜಯಂತಿಯ ದಿನ ಪೂಜ್ಯರ ಹಸ್ತದಿಂದ ಉದ್ಘಾಟನೆಯೆಂದು ನಿಶ್ಚಯವಾಯಿತು.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ ಮತ್ತು ಡಿಸ್ಕ್‌ಗಳನ್ನು ಕೊಂಡದ್ದಾಯಿತು. ಅಂಗಡಿಯ ಯಜಮಾನರು ಅರವತ್ತು ದಾಟಿದವರು. ಮಠದ ಕೆಲಸವೆಂದು ತಿಳಿದು ತಮ್ಮ ಲಾಭವನ್ನು ಬಿಟ್ಟುಕೊಟ್ಟರು. ತರುಣನು ಅವರನ್ನು ‘ಕಾಕಾ’ ಎಂದು ಕರೆದು ನಮಸ್ಕರಿಸಿ ಬಂದನು. ಕ್ಯಾಬಿನೆಟ್ ಮಾತ್ರ ಹೊಸದಲ್ಲ. ಭಕ್ತರೊಬ್ಬರು ತಮ್ಮ ಕಚೇರಿಯ ಹಳೆಯ ಯಂತ್ರದ ಕ್ಯಾಬಿನೆಟ್ಟನ್ನು ಒರೆಸಿ ತಂದು ಕೊಟ್ಟಿದ್ದರು. ಗಟ್ಟಿಮುಟ್ಟಾಗಿತ್ತು, ಸಾವಿರಾರು ರೂಪಾಯಿ ಉಳಿಯಿತು.

ಸಂಜೆಯ ಪ್ರಾರ್ಥನೆಯ ನಂತರ ಗ್ರಂಥಾಲಯದ ಉದ್ದನೆಯ ಮೇಜಿನ ಮೇಲೆ ಜೋಡಣೆ ಮುಗಿಯಿತು. ಹತ್ತಾರು ವಿದ್ಯಾರ್ಥಿಗಳು ಸುತ್ತ ನಿಂತಿದ್ದರು. ಗುಂಡಿಯನ್ನು ಒತ್ತಿದಾಗ ಪ್ರೊಸೆಸರ್ ಮೇಲಿನ ಫ್ಯಾನ್ ನಡುಗಿದಂತೆ ಅರ್ಧ ಸುತ್ತು ತಿರುಗಿ ನಿಂತಿತು. ಮಾನಿಟರ್ ಕಪ್ಪಾಗಿಯೇ ಉಳಿಯಿತು. ಮತ್ತೆ ಒತ್ತಿದರೂ ಅದೇ ಅರ್ಧ ಸುತ್ತು.

ತರುಣನಿಗೆ ಈ ಕೆಲಸ ಹೊಸದಲ್ಲ. ಕಾಲೇಜು ದಿನಗಳಿಂದ ಹಲವು ಯಂತ್ರಗಳನ್ನು ಜೋಡಿಸಿದ್ದನು. ಅದನ್ನು ಆ ಹುಡುಗರೆದುರು ಹೇಳಿಯೂ ಇದ್ದನು. ಬೋರ್ಡಿಗೆ ಹೋಗುವ 24 ಪಿನ್ನಿನ ಕನೆಕ್ಟರನ್ನೂ ಪ್ರೊಸೆಸರ್ ಬದಿಯ 8 ಪಿನ್ನಿನದನ್ನೂ ಕಿತ್ತು ಮತ್ತೆ ಒತ್ತಿದನು. ರ‍್ಯಾಮ್ ಪಟ್ಟಿಗಳನ್ನು ಎರಡೂ ತುದಿಯಲ್ಲಿ ಟಕ್ಕೆನ್ನುವವರೆಗೆ ಕೂರಿಸಿದನು. ಬಳಿಕ ಒಂದನ್ನು ತೆಗೆದು ಇನ್ನೊಂದನ್ನು ಮಾತ್ರ ಇಟ್ಟು ನೋಡಿದನು. ಬೋರ್ಡಿನ ಗುಂಡುಬ್ಯಾಟರಿಯನ್ನು ಹೊರತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದನು. ಮುಂಭಾಗದ ಗುಂಡಿಯೇ ಕೆಟ್ಟಿರಬಹುದೆಂದು ಅದರ ತಂತಿಗಳನ್ನು ಕಳಚಿ, ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ತಾಗಿಸಿದನು. ಎಲ್ಲಕ್ಕೂ ಅರ್ಧ ಸುತ್ತಿನ ಉತ್ತರವೇ ಬಂದಿತು. ಕೊನೆಗೆ ಎಸ್‌ಎಂಪಿಎಸ್ಸನ್ನು ಬೋರ್ಡಿನಿಂದ ಬೇರ್ಪಡಿಸಿ, ದೊಡ್ಡ ಕನೆಕ್ಟರಿನ ಹಸಿರು ತಂತಿಯನ್ನು ಕಪ್ಪು ತಂತಿಗೆ ಕ್ಲಿಪ್ಪಿನಿಂದ ಕೂಡಿಸಿದಾಗ ಅದರ ಫ್ಯಾನ್ ಸರಾಗವಾಗಿ ತಿರುಗಿತು. ಎಸ್‌ಎಂಪಿಎಸ್ ಸರಿಯಿದೆ, ಆದ್ದರಿಂದ ಮದರ್‌ಬೋರ್ಡ್ ಸತ್ತಿದೆ ಎಂದು ತರುಣನು ತೀರ್ಪು ಕೊಟ್ಟನು.

ಆ ತೀರ್ಪಿನಲ್ಲಿ ಬಿರುಕೊಂದಿತ್ತು. ಇಂದಿನ ಎಸ್‌ಎಂಪಿಎಸ್‌ಗಳು ಕುರುಡಾಗಿ ವಿದ್ಯುತ್ತನ್ನು ಸುರಿಯುವುದಿಲ್ಲ. ಗುಂಡಿಯೊತ್ತಿದ ಬಳಿಕ 12, 5 ಮತ್ತು 3.3 ವೋಲ್ಟಿನ ಹರಿವುಗಳು ಸ್ಥಿರಗೊಂಡವೇ ಎಂದು ನೋಡಿಕೊಂಡು, 100ರಿಂದ 500 ಮಿಲಿಸೆಕೆಂಡುಗಳ ತರುವಾಯ ಎಲ್ಲವೂ ಸರಿಯಾಗಿದೆಯೆಂಬ ಸಂಕೇತವನ್ನು ಬೋರ್ಡಿಗೆ ಕಳುಹಿಸುತ್ತವೆ. ಆ ಸಂಕೇತ ಬರುವ ತನಕ ಪ್ರೊಸೆಸರ್ ಎಚ್ಚರಗೊಳ್ಳುವುದಿಲ್ಲ. ಎಲ್ಲಿಯಾದರೂ ವಿದ್ಯುತ್ತು ಹೋಗಬಾರದ ದಾರಿಯಲ್ಲಿ ನೆಲಕ್ಕೆ ಇಳಿಯುತ್ತಿದ್ದರೆ, ಅಂದರೆ ಶಾರ್ಟ್ ಆಗಿದ್ದರೆ, ಎಸ್‌ಎಂಪಿಎಸ್ ಕ್ಷಣಾರ್ಧದಲ್ಲಿ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಆ ಅರ್ಧ ಸುತ್ತು ಮುಂದಾಗಬಹುದಾದ ಹಾನಿಯನ್ನು ತಪ್ಪಿಸುತ್ತಿದ್ದ ಕಾವಲಾಗಿರಬಹುದಾಗಿತ್ತು. ಅದನ್ನು ತರುಣನು ಬೋರ್ಡಿನ ಮರಣವೆಂದು ಓದಿದನು. ಶಾರ್ಟ್ ಬೋರ್ಡಿನೊಳಗೇ ಇದೆಯೋ ಬೋರ್ಡಿನ ಹೊರಗಿದೆಯೋ ಎಂಬ ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ. ಹೊರಗಿದ್ದರೆ ಅದು ತಾನು ಕೂರಿಸಿದ ರೀತಿಯ ದೋಷವಾಗುತ್ತಿತ್ತು.

ಜಗತ್ತಿನ ವಕ್ರತೆಯನ್ನು ನೆಟ್ಟಗೆ ಮಾಡಲು ಹೊರಟವರನ್ನು ಬಸವಣ್ಣನವರು ತಡೆದು, ಮೊದಲು ತಮ್ಮ ದೇಹವನ್ನೂ ಮನಸ್ಸನ್ನೂ ಸಮಾಧಾನಕ್ಕೆ ತಂದುಕೊಳ್ಳುವಂತೆ ಹೇಳಿದ್ದು ಇಂಥ ಕಡೆಯೇ ನೆನಪಾಗುತ್ತದೆ. ಮನುಷ್ಯನ ಶಂಕೆಗೆ ಒಂದು ಕ್ರಮವಿದೆ. ಅದು ದೂರದಿಂದ ಹೊರಟು ಹತ್ತಿರಕ್ಕೆ ಬರುತ್ತದೆ. ಮೊದಲು ವಸ್ತುವನ್ನು ತಯಾರಿಸಿದವನು, ಆಮೇಲೆ ಮಾರಿದವನು. ಕಟ್ಟಕಡೆಗೆ, ಬೇರೆ ಯಾರೂ ಉಳಿಯದಾಗ, ತನ್ನ ಕೈ.

ಮರುದಿನ ತರುಣನು ಬೋರ್ಡನ್ನು ಡಬ್ಬಿಯಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ಹೋದನು. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಡಬ್ಬಿಯನ್ನು ಕೌಂಟರಿನ ಮೇಲಿಟ್ಟು, “ಏನ್ರೀ, ಮಠಕ್ಕ ಕೊಡೂ ಮಾಲು ಅಂತ ಹೇಳಿದ್ರೂ ವಾಪಸ್ ಬಂದ ಮಾಲು ಕೊಟ್ಟೀರೆಲ್ಲ? ಹಣಾ ಭಕ್ತರದು, ಗೊತ್ತೈತೇನು?” ಎಂದನು. ಹಿಂದಿನ ದಿನದ ‘ಕಾಕಾ’ ಅವನ ಬಾಯಲ್ಲಿ ಬರಲಿಲ್ಲ. ಯಜಮಾನರ ಮುಖ ಕೆಂಪಾಯಿತು. “ಒಂದ್ ಹತ್ತು ಮಿನಿಟ್ ಕೊಡ್ರಿ, ಇಲ್ಲೇ ಹಚ್ಚಿ ನೋಡತೇನಿ” ಎಂದರು. ನೋಡುವುದೇನೂ ಉಳಿದಿಲ್ಲ, ಎಲ್ಲ ಪರೀಕ್ಷೆಯನ್ನೂ ತಾನೇ ಮಾಡಿದ್ದೇನೆ, ಬಸ್ಸಿಗೆ ಹೊತ್ತಾಗುತ್ತದೆ ಎಂದು ತರುಣನು ಅವಸರಿಸಿದನು. ಯಜಮಾನರು ಮರುಮಾತಾಡದೆ ಕಪಾಟಿನಿಂದ ಅದೇ ಮಾದರಿಯ ಹೊಸ ಬೋರ್ಡನ್ನು ತೆಗೆದುಕೊಟ್ಟರು. ಗಿರಾಕಿಗಳಲ್ಲಿ ಒಬ್ಬರು ತಾವು ಕೈಯಲ್ಲಿ ಹಿಡಿದಿದ್ದ ವಸ್ತುವನ್ನು ಕೌಂಟರಿನ ಮೇಲಿಟ್ಟು, ಕೊಳ್ಳದೆ ಹೊರಗೆ ನಡೆದರು.

ಬಸವಣ್ಣನವರು ಹೇಳಿದ ಏಳು ನಿಷೇಧಗಳು ಎಲ್ಲರಿಗೂ ತಿಳಿದವೇ. ಅವುಗಳಲ್ಲಿ ಆತ್ಮಪ್ರಶಂಸೆ ಮತ್ತು ಪರನಿಂದೆಗಳನ್ನು ಅಕ್ಕಪಕ್ಕದಲ್ಲಿ, ಕಡೆಯ ಎರಡಾಗಿ ಇರಿಸಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಹುಡುಗರೆದುರು ತನ್ನ ಅನುಭವವನ್ನು ಬಣ್ಣಿಸಿಕೊಳ್ಳದೆ ಇದ್ದಿದ್ದರೆ, ಆ ಹುಡುಗರೆದುರೇ ಸೋಲಬೇಕಾಗಿ ಬಂದಾಗ ಇನ್ನೊಬ್ಬರ ಮೇಲೆ ಹೊರಿಸುವ ಅಗತ್ಯ ತರುಣನಿಗೆ ಇಷ್ಟು ತೀವ್ರವಾಗಿ ಬರುತ್ತಿರಲಿಲ್ಲ. ಒಂದರ ಸಾಲವನ್ನು ಇನ್ನೊಂದು ತೀರಿಸಲು ಹೋಗುತ್ತದೆ.

ಅಂದೇ ಸಂಜೆ ಪ್ರಸಾದ ನಿಲಯದ ಸಮಿತಿಯ ಸಭೆಯಿತ್ತು. ವಿಳಂಬವೇಕೆಂದು ಕೇಳಿದಾಗ ತರುಣನು, ಅಂಗಡಿಯವರು ಕೆಟ್ಟ ಬೋರ್ಡ್ ಕೊಟ್ಟಿದ್ದರು, ಜಗಳ ಮಾಡಿ ಬದಲಿಸಿಕೊಂಡು ಬಂದೆ ಎಂದನು. ಮುಂದಿನ ವರ್ಷ ವಿದ್ಯಾರ್ಥಿಗಳಿಗಾಗಿ ಇನ್ನೂ ನಾಲ್ಕು ಗಣಕಯಂತ್ರಗಳನ್ನು ಕೊಳ್ಳುವ ವಿಚಾರ ಸಮಿತಿಯ ಮುಂದಿತ್ತು. ಆ ಅಂಗಡಿ ಬೇಡವೆಂದು ಎಲ್ಲರೂ ಒಪ್ಪಿದರು. ಠರಾವು ಪುಸ್ತಕದಲ್ಲಿ ಬರೆದದ್ದೂ ಆಯಿತು.

ರಾತ್ರಿ ಹೊಸ ಬೋರ್ಡನ್ನು ಕೂರಿಸಿ ಗುಂಡಿಯೊತ್ತಿದಾಗ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು.

ಇಲ್ಲಿಯಾದರೂ ಶಂಕೆ ತನ್ನತ್ತ ಹೊರಳಬೇಕಾಗಿತ್ತು. ಹೊರಳಲಿಲ್ಲ. ಇಡೀ ಲಾಟೇ ಕೆಟ್ಟಿದ್ದಿರಬೇಕೆಂದು ತರುಣನು ಆ ಹೊತ್ತಿನಲ್ಲಿಯೇ ಅಂಗಡಿಯವರಿಗೆ ದೂರವಾಣಿ ಮಾಡಿದನು. ಯಜಮಾನರು ಅವನ ಮಾತು ಮುಗಿಯುವವರೆಗೆ ಕೇಳಿ, “ತಮ್ಮಾ, ನೀ ಬಿಟ್ಟು ಹೋದ ಬೋರ್ಡ್ ಮಧ್ಯಾಹ್ನನ ಡಬ್ಬಿ ಮ್ಯಾಲ ಇಟ್ಟು ಹಚ್ಚಿ ನೋಡೇನಿ. ಚಾಲೂ ಆಗೇತಿ. ಈಗ ಒಂದ್ ಕೆಲಸಾ ಮಾಡು. ಕ್ಯಾಬಿನೆಟ್‌ದಾಗಿಂದ ಎಲ್ಲಾ ಹೊರಗ ತಗಿ. ಪ್ರೊಸೆಸರ್, ಒಂದ ರ‍್ಯಾಮ್, ಎಸ್‌ಎಂಪಿಎಸ್, ಇಷ್ಟ ಇರಲಿ. ಅದು ಚಾಲೂ ಆತಂದ್ರ ಉಳಿದಿದ್ದು ಒಂದೊಂದ ಹಚ್ಕೋತ ಬಾ” ಎಂದರು. ತಪ್ಪು ನಿನ್ನದೆಂದು ಅವರು ಹೇಳಲಿಲ್ಲ.

ಮದರ್‌ಬೋರ್ಡಿನ ಖಾಲಿ ರಟ್ಟಿನ ಡಬ್ಬಿಯ ಮೇಲೆ ಬೋರ್ಡನ್ನಿಟ್ಟು, ಅಷ್ಟನ್ನೇ ಜೋಡಿಸಿ, ಎರಡು ಪಿನ್ನುಗಳನ್ನು ತಾಗಿಸಿದಾಗ ಫ್ಯಾನ್ ತಿರುಗಿತು, ನಿಲ್ಲಲಿಲ್ಲ. ಮಾನಿಟರಿನಲ್ಲಿ ಕಂಪನಿಯ ಲಾಂಛನ ಮೂಡಿತು. ಡಿಸ್ಕ್ ಕಾಣುತ್ತಿಲ್ಲವೆಂಬ ಅರ್ಥದ ಇಂಗ್ಲಿಷ್ ಸಾಲೊಂದು ಬಂದಿತು. ಡಿಸ್ಕ್ ಹಚ್ಚಿದಾಗ ಅದೂ ಕಂಡಿತು, ಎರಡನೆಯ ರ‍್ಯಾಮ್ ಕೂಡ ಕಂಡಿತು. ಎಲ್ಲವನ್ನೂ ಮತ್ತೆ ಕ್ಯಾಬಿನೆಟ್ಟಿನೊಳಗೆ ಕೂರಿಸಿ ಒತ್ತಿದರೆ ಅದೇ ಅರ್ಧ ಸುತ್ತು. ಹೊರಗೆ ಜೀವವಿರುವ ಯಂತ್ರ ಒಳಗೆ ಹೋದೊಡನೆ ಸಾಯುತ್ತಿತ್ತು. ಬೋರ್ಡ್ ಒಳ್ಳೆಯದು, ಎಸ್‌ಎಂಪಿಎಸ್ ಒಳ್ಳೆಯದು, ಮಾರಿದವರೂ ಒಳ್ಳೆಯವರು. ಇನ್ನು ಶಂಕಿಸಲು ಆ ತಗಡಿನ ಪೆಟ್ಟಿಗೆಯೂ ಅದರಲ್ಲಿ ಕೈಯಾಡಿಸಿದವನೂ ಮಾತ್ರ ಉಳಿದಿದ್ದರು.

ಕ್ಯಾಬಿನೆಟ್ಟಿನ ತಗಡಿಗೆ ಬೋರ್ಡ್ ನೇರವಾಗಿ ತಾಗಬಾರದು. ಅದರ ಬೆನ್ನಿನ ತುಂಬ ಬೆಸುಗೆಯ ಚುಕ್ಕೆಗಳಿರುತ್ತವೆ. ಆದ್ದರಿಂದ ಹಿತ್ತಾಳೆಯ ಪುಟ್ಟ ಕಂಬಗಳನ್ನು ತಗಡಿಗೆ ತಿರುಗಿಸಿ, ಅವುಗಳ ಮೇಲೆ ಬೋರ್ಡನ್ನು ಕೂರಿಸಿ, ಬೋರ್ಡಿನ ರಂಧ್ರಗಳ ಮೂಲಕ ತಿರುಪು ಹಾಕುತ್ತಾರೆ. ಅಂಗಡಿಗಳಲ್ಲಿ ಇವಕ್ಕೆ ಸ್ಟ್ಯಾಂಡಾಫ್ ಎನ್ನುತ್ತಾರೆ. ತರುಣನು ಕೊಂಡದ್ದು ಎಟಿಎಕ್ಸ್ ಅಳತೆಯ, 305ಕ್ಕೆ 244 ಮಿಲಿಮೀಟರಿನ ದೊಡ್ಡ ಬೋರ್ಡ್. ಅದರ ರಂಧ್ರಗಳು ಒಂಬತ್ತು. ಹಳೆಯ ಕ್ಯಾಬಿನೆಟ್ಟಿನಲ್ಲಿ ಮೊದಲಿದ್ದದ್ದು 244ಕ್ಕೆ 244ರ ಮೈಕ್ರೋ ಎಟಿಎಕ್ಸ್. ಎರಡರ ರಂಧ್ರಗಳ ಸ್ಥಾನಗಳು ಕೆಲವೆಡೆ ಒಂದೇ, ಕೆಲವೆಡೆ ಬೇರೆ. ತರುಣನು ಬೇಕಾದ ಕಡೆ ಹೊಸ ಕಂಬಗಳನ್ನು ಹಾಕಿದ್ದನು, ಬೇಡವಾದವನ್ನು ತೆಗೆದಿದ್ದನು. ಟಾರ್ಚು ಹಿಡಿದು ಈಗ ಎಣಿಸಿದಾಗ ಹತ್ತು ಕಂಬಗಳಿದ್ದವು.

ಹತ್ತನೆಯದು ದೊಡ್ಡ ಬೋರ್ಡಿನ ಕೆಳಭಾಗದಲ್ಲಿ, ಯಾವ ರಂಧ್ರವೂ ಇಲ್ಲದ ಕಡೆ ನಿಂತಿತ್ತು. ಬೋರ್ಡನ್ನು ಮಗುಚಿ ನೋಡಿದಾಗ ಅದರ ಬೆನ್ನಿನ ಮೇಲೆ ಆ ಜಾಗದಲ್ಲಿಯೇ ದುಂಡನೆಯ ಗೀರು ಮೂಡಿತ್ತು. ಇಕ್ಕಳದಿಂದ ಅದನ್ನು ತಿರುಗಿಸಿ ತೆಗೆಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಯಂತ್ರ ಚಾಲನೆಗೊಂಡಿತು. ನೋಡಲು ಉಳಿದಿದ್ದ ಒಬ್ಬ ವಿದ್ಯಾರ್ಥಿ, “ಅಣ್ಣಾರ, ಏನ್ ಕಡಿಮಿ ಆಗಿತ್ರಿ?” ಎಂದು ಕೇಳಿದನು. “ಕಡಿಮಿ ಏನೂ ಆಗಿದ್ದಿಲ್ಲೋ ತಮ್ಮಾ, ಒಂದ್ ಹೆಚ್ಚಾಗಿತ್ತು” ಎಂದ ತರುಣನಿಗೆ ಹಾಗೆಂದ ಕ್ಷಣದಲ್ಲಿಯೇ ಲಕ್ಕಮ್ಮನವರ ನೆನಪಾಯಿತು. ಪ್ರಸಾದ ನಿಲಯದಲ್ಲಿದ್ದಾಗ ಅವನು ಆ ವಚನವನ್ನು ಹಾಡಿ ಬಹುಮಾನ ಪಡೆದಿದ್ದನಂತೆ.

ಯಂತ್ರದ ಕಷ್ಟ ಅಲ್ಲಿಗೆ ಮುಗಿಯಿತು. ಆದರೆ ಅಂಗಡಿಯಲ್ಲಿ ಆಡಿದ ಮಾತು ಅಂಗಡಿಯಲ್ಲಿತ್ತು, ಸಮಿತಿಯಲ್ಲಿ ಆಡಿದ ಮಾತು ಠರಾವು ಪುಸ್ತಕದಲ್ಲಿತ್ತು. ಅವನಿಗೆ ಮೊದಲು ಹೊಳೆದದ್ದು ಸುಲಭದ ಹಾದಿಯೇ. ಯಜಮಾನರಿಗೆ ದೂರವಾಣಿಯಲ್ಲಿ ಧನ್ಯವಾದ ಹೇಳಿ, ಉದ್ಘಾಟನೆಗೆ ಕರೆದು ಶಾಲು ಹೊದಿಸಿದರಾಯಿತು. ಅವರಿಗೂ ಸಂತೋಷ, ತನಗೂ ಗೌರವ. ಆದರೆ ಹೆಚ್ಚಾದ ಅಕ್ಕಿಯನ್ನು ದಾಸೋಹಕ್ಕೆ ಬಳಸುವ ಉಪಾಯವೇ ಅದಾಗಿತ್ತು. ಲಕ್ಕಮ್ಮನವರು ಅದನ್ನು ಒಪ್ಪುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಸಮಿತಿಯ ಅಧ್ಯಕ್ಷರ ಮನೆಗೆ ಹೋದನು. ಅವರು ನಿವೃತ್ತ ಮುಖ್ಯೋಪಾಧ್ಯಾಯರು. ಎಲ್ಲವನ್ನೂ ಕೇಳಿ, “ಆತು ಬಿಡು ತಮ್ಮಾ, ನಾ ಎಲ್ಲಾರಿಗೂ ಹೇಳತೇನಿ” ಎಂದರು. ಒಪ್ಪಿಕೊಂಡು ಬಿಡಬಹುದಿತ್ತು. ಆದರೆ ಅವನು, ಸಭೆಯಲ್ಲಿ ಹೇಳಿದ್ದನ್ನು ಸಭೆಯಲ್ಲಿಯೇ ಹಿಂದೆ ತೆಗೆದುಕೊಳ್ಳಲು ಅವಕಾಶ ಬೇಕೆಂದು ಕೇಳಿದನು. ಸಂಜೆ ಏಳು ಜನ ಮತ್ತೆ ಸೇರಿದರು. ಕಂಬವನ್ನು ಮೇಜಿನ ಮೇಲಿಟ್ಟು ಅವನು ನಡೆದದ್ದನ್ನು ಹೇಳಿದನು. ಹಿಂದಿನ ಠರಾವಿನ ಕೆಳಗೆ ಅದನ್ನು ರದ್ದುಪಡಿಸಿದ ಕಾರಣವನ್ನು ಅವನ ಕೈಯಿಂದಲೇ ಬರೆಯಿಸಿ ಸಹಿ ಹಾಕಿಸಿದರು.

ಅಂಗಡಿಗೆ ಹೋದದ್ದು ಅದರ ಮರುದಿನ. ಯಜಮಾನರು ಪೆಟ್ಟಿಗೆ ತೆರೆದ ಮೊದಲ ಬೋರ್ಡನ್ನು ಹೊಸದೆಂದು ಮಾರುವಂತಿರಲಿಲ್ಲ, ಅದನ್ನು ಬದಿಗಿಟ್ಟಿದ್ದರು. ತರುಣನು ಅದರ ಬೆಲೆಯನ್ನು ತನ್ನ ಸಂಬಳದ ಹಣದಿಂದ ಕೊಟ್ಟು ಕೊಂಡನು. ಬಳಿಕ, “ಕಾಕಾ, ನಾನು ಅವತ್ತು ಮಂದಿ ಎದುರಿಗೆ ನಿಮಗ ಅಂದಿದ್ದು ತಪ್ಪು. ಇವತ್ತೂ ಮಂದಿ ಎದುರಿಗೇ ಹೇಳತೇನಿ” ಎಂದು ಗಟ್ಟಿಯಾಗಿಯೇ ಹೇಳಿ ನಮಸ್ಕರಿಸಿದನು. ಅಂದು ಅಂಗಡಿಯಲ್ಲಿದ್ದ ನಾಲ್ವರು ಗಿರಾಕಿಗಳಿಗೆ ಇದು ಏನೆಂದೇ ತಿಳಿಯಲಿಲ್ಲ. ಯಜಮಾನರು ಸಂಕೋಚದಿಂದ, “ಇರಲಿ ಬಾರೋ ತಮ್ಮಾ, ಚಾ ಕುಡಿ” ಎಂದು ಒಳಗೆ ಕರೆದರು. ಕಂಬವನ್ನು ಕೈಯಲ್ಲಿ ಹಿಡಿದು ನೋಡಿ ನಕ್ಕರು. ಕೌಂಟರಿನ ಮೇಲಿದ್ದ ತಿರುಪುಗಳ ಡಬ್ಬಿಗೆ ಅದನ್ನು ಹಾಕಿಬಿಟ್ಟರು. ಅವರ ಅಂಗಡಿಗೆ ಅದರಿಂದ ಉಪಯೋಗವಿತ್ತು.

ಇಲ್ಲಿಯೇ ಲಕ್ಕಮ್ಮನವರ ಅಕ್ಕಿಗೂ ಮನುಷ್ಯನ ಮಾತಿಗೂ ಇರುವ ಅಂತರ ಎದುರಾಗುತ್ತದೆ. ಅಕ್ಕಿಯನ್ನು ಅಂಗಳದಲ್ಲಿ ಸುರಿದರೆ ಅದು ಮರಳಿ ಅಂಗಳದ ಅಕ್ಕಿಯೇ ಆಗುತ್ತದೆ. ಮಾತು ಹಾಗಲ್ಲ, ಕೇಳಿದವರೊಂದಿಗೆ ಎದ್ದು ನಡೆದುಬಿಡುತ್ತದೆ. ಅಂದು ಕೊಳ್ಳದೆ ಹೊರಗೆ ಹೋದವರು ಯಾರೆಂದು ತರುಣನು ಯಜಮಾನರನ್ನು ಕೇಳಿದನು. ಅವರು ಅದೇ ಓಣಿಯ ಆಚೆ ಬದಿಯ ಶಾಲೆಯ ಶಿಕ್ಷಕರೆಂದು ತಿಳಿಯಿತು. ಶಾಲೆ ಬಿಡುವ ತನಕ ಬಾಗಿಲಲ್ಲಿ ಕಾದು ಅವರಿಗೆ ವಿಷಯ ತಿಳಿಸಿದನು. ಶಿಕ್ಷಕರು ಆ ಪ್ರಸಂಗವನ್ನು ಮರೆತಿರಲಿಲ್ಲ, ಮನೆಯಲ್ಲಿಯೂ ಹೇಳಿದ್ದರಂತೆ.

ಉಳಿದ ಇಬ್ಬರು ದಾರಿಯ ಗಿರಾಕಿಗಳು. ಯಜಮಾನರಿಗೂ ಅವರ ಪರಿಚಯವಿರಲಿಲ್ಲ. ಬಸವ ಜಯಂತಿಯ ದಿನ ಪೂಜ್ಯರು ಗುಂಡಿಯೊತ್ತಿ ‘ಶಿವಾನುಭವ’ದ ಮೊದಲ ಪುಟ ತೆರೆಯ ಮೇಲೆ ಮೂಡಿದಾಗ ಸಭಾಂಗಣದಲ್ಲಿ ಚಪ್ಪಾಳೆಯಾಯಿತು, ಅಂಗಡಿಯ ಯಜಮಾನರೂ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ ಹೋದರು. ತರುಣನು ಹುಬ್ಬಳ್ಳಿಗೆ ಹೋದಾಗಲೆಲ್ಲ ಆ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದುಂಟು. ಆ ಇಬ್ಬರಲ್ಲಿ ಒಬ್ಬರು ನೀಲಿ ಅಂಗಿ ತೊಟ್ಟಿದ್ದರು ಎಂಬುದಷ್ಟೇ ಅವನಿಗೆ ನೆನಪಿದೆ.